ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲೋ 1861ರಲ್ಲೋ? ವಿಕಿಪೀಡಿಯ ಜೀವನಚರಿತ್ರೆಗೆ ಉಲ್ಲೇಖ ಕೊಡುವ ಬಗ್ಗೆ ಚರ್ಚೆ

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಕನ್ನಡ ವಿಕಿಪೀಡಿಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಲೇಖನ ವಿಸ್ತರಿಸಲು ನನ್ನ ಪ್ರಯೋಗಪುಟದಲ್ಲಿ (ಕರಡು ಬರೆದು ನೋಡುವ ಪುಟ) ಏಳು ಪ್ಯಾರಾ ಸಿದ್ಧವಾಗಿದೆ. ಕೊನೆಗೆ ಮೂರು ಪುಸ್ತಕಗಳ ಹೆಸರು ಇದೆ. ನೋಡಿದ ಸಂಪಾದಕರೊಬ್ಬರು ಹನ್ನೊಂದು ಕಡೆ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂದು ಅಂಟಿಸಿದ್ದಾರೆ. ಎಲ್ಲವೂ ಆ ಮೂರು ಪುಸ್ತಕಗಳಲ್ಲೇ ಇರುವ ವಿಷಯ. ಪ್ರತಿ ವಾಕ್ಯಕ್ಕೂ ಉಲ್ಲೇಖ ಕೊಡಬೇಕಾ? ಹುಟ್ಟಿದ ವರ್ಷ ಒಂದು ಪುಸ್ತಕದಲ್ಲಿ 1860, ಉಳಿದೆರಡರಲ್ಲಿ 1861 ಇದೆ. ಎರಡು ಒಂದರ ಲೆಕ್ಕದಲ್ಲಿ 1861 ಅಂತ ಹಾಕಿಬಿಡಬಹುದಾ? ಒಂದು ಪುಸ್ತಕಕ್ಕೆ ಐಎಸ್‌ಬಿಎನ್ (ಪುಸ್ತಕ ಗುರುತಿಸುವ ಸಂಖ್ಯೆ) ಕೂಡ ಇಲ್ಲ, ಏನು ಮಾಡಬೇಕು ತಿಳಿಸಿ.

ಪುಟಸಂಖ್ಯೆ

ಕೊನೆಗೆ ಪುಸ್ತಕಗಳ ಹೆಸರು ಕೊಟ್ಟರೆ ಅದು ಗ್ರಂಥಋಣ. ಉಲ್ಲೇಖದ ಕೆಲಸ ಬೇರೆ. ಓದುಗರು ‘1912ರಲ್ಲಿ ದಿವಾನರಾದರು’ ಎಂಬ ವಾಕ್ಯದ ಮೇಲೆ ಬೆರಳಿಟ್ಟು ‘ಇದು ಎಲ್ಲಿದೆ’ ಅಂತ ಕೇಳಿದರೆ ಪುಸ್ತಕ, ಮುದ್ರಣ, ಪುಟ ಮೂರೂ ಅಲ್ಲೇ ಸಿಗಬೇಕು. ಮುನ್ನೂರು ಪುಟದ ಪುಸ್ತಕ ತೋರಿಸಿ ಹುಡುಕಿಕೊಳ್ಳಿ ಅನ್ನುವಂತಿಲ್ಲ.

ಪ್ರತಿ ವಾಕ್ಯಕ್ಕೂ ಬೇಡ. ಆದರೆ ಜೀವನಚರಿತ್ರೆಯಲ್ಲಿ ಇವಕ್ಕೆ ಬೇಕೇ ಬೇಕು: ಹುಟ್ಟು ಸಾವಿನ ತಾರೀಖು ಮತ್ತು ಸ್ಥಳ, ಓದು, ಹುದ್ದೆ ಮತ್ತು ಅದರ ವರ್ಷ, ಪ್ರಶಸ್ತಿ, ಯಾವುದೇ ಅಂಕಿ, ಇನ್ನೊಬ್ಬರ ಅಭಿಪ್ರಾಯ, ಉದ್ಧರಣ ಚಿಹ್ನೆಯೊಳಗಿನ ಮಾತು. ‘ಮೊದಲ’, ‘ಏಕೈಕ’, ‘ಅತಿ ದೊಡ್ಡ’ ಎಂಬ ಪದ ಬಂದ ವಾಕ್ಯಕ್ಕಂತೂ ತಪ್ಪಿಸುವಂತಿಲ್ಲ. ಪೀಠಿಕೆಯ ಪ್ಯಾರಾಕ್ಕೆ ವಿನಾಯಿತಿ ಉಂಟು. ಅದೇ ಮಾತು ಕೆಳಗೆ ಉಲ್ಲೇಖದೊಂದಿಗೆ ಬಂದಿದ್ದರೆ ಮೇಲೆ ಮತ್ತೆ ಕೊಡಬೇಕಿಲ್ಲ. ತಕರಾರಿರುವ ಸಂಗತಿಗೆ ಮಾತ್ರ ಎರಡೂ ಕಡೆ ಕೊಡಿ.

ನಿಮ್ಮ ಪ್ರಯೋಗಪುಟದ ನಾಲ್ಕನೇ ಪ್ಯಾರಾದ ವಾಕ್ಯ ನೋಡೋಣ: ‘ದಿವಾನರಾಗಿ ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಮತ್ತು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನು (1917) ಸ್ಥಾಪಿಸಿದರು.’ ಕೊನೆಗೆ ಒಂದೇ ಉಲ್ಲೇಖ. ಇದರಲ್ಲಿ ನಾಲ್ಕು ಸಂಸ್ಥೆ, ನಾಲ್ಕು ವರ್ಷ, ಒಂದು ಕ್ರಿಯಾಪದ ಇವೆ. ಆ ಪುಟದಲ್ಲಿ ನಾಲ್ಕೂ ಇವೆಯಾ? ಬ್ಯಾಂಕಿನ ವಿಷಯ ಒಂದು ಪುಟದಲ್ಲಿ, ವಿಶ್ವವಿದ್ಯಾನಿಲಯದ್ದು ಇನ್ನೊಂದು ಪುಟದಲ್ಲಿ ಇದ್ದರೆ ಉಲ್ಲೇಖವನ್ನು ವಾಕ್ಯದ ನಡುವೆಯೇ ಆಯಾ ಹೆಸರಿನ ಪಕ್ಕ ಇಡಿ.

ಕ್ರಿಯಾಪದವನ್ನು ಇನ್ನೂ ಎಚ್ಚರದಿಂದ ನೋಡಿ. ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ನಿಮ್ಮ ಆಕರ ‘ಇವರು ದಿವಾನರಾಗಿದ್ದಾಗ ಸ್ಥಾಪನೆಯಾಯಿತು’ ಅಂದಿದ್ದರೆ ನೀವೂ ಅಷ್ಟೇ ಬರೆಯಬೇಕು. ‘ಒತ್ತಾಸೆಯಾಗಿ ನಿಂತರು’ ಅಂದಿದ್ದರೆ ಅದು. ‘ಸ್ಥಾಪಿಸಿದರು’ ಎಂದು ಬದಲಿಸಿದ ಕೂಡಲೇ ಆ ಉಲ್ಲೇಖ ನಿಮ್ಮ ವಾಕ್ಯವನ್ನು ಹೊರುವುದಿಲ್ಲ. ಕನ್ನಡದ ಜೀವನಚರಿತ್ರೆ ಲೇಖನಗಳಲ್ಲಿ ವರ್ಷ ತಪ್ಪಿರುವುದಕ್ಕಿಂತ ಕ್ರಿಯಾಪದ ಹಿಗ್ಗಿರುವುದು ಹೆಚ್ಚು.

ಒಂದೇ ಪುಟದಿಂದ ಬಂದ ಮೂರು ವಾಕ್ಯ ಸಾಲಾಗಿದ್ದರೆ ಮೂರನೆಯದರ ಕೊನೆಗೆ ಒಂದು ಸಾಕು. ಇದರಲ್ಲೂ ಒಂದು ತೊಂದರೆ ಇದೆ. ನಾಳೆ ಬೇರೆ ಸಂಪಾದಕರು ನಡುವೆ ಒಂದು ವಾಕ್ಯ ತೂರಿಸಿದರೆ ಅದಕ್ಕೂ ನಿಮ್ಮ ಪುಸ್ತಕವೇ ಆಧಾರ ಎಂಬಂತೆ ಕಾಣುತ್ತದೆ. ಹಾಗಾಗಿ ಅಂಕಿ, ತಾರೀಖು ಇರುವ ವಾಕ್ಯಕ್ಕೆ ಅದರದೇ ಉಲ್ಲೇಖ ಇರಲಿ.

ಹಳೇಕಾಗದ

ವರ್ಷದ ವಿಷಯ ನಾನು ಬರೆಯುತ್ತೇನೆ. ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ. ಎಂಜಿನಿಯರುಗಳ ದಿನ ಆಚರಿಸುವುದೂ ಅವತ್ತೇ. ವರ್ಷದಲ್ಲಿ ಮಾತ್ರ ಅಚ್ಚಾದ ಪುಸ್ತಕಗಳೇ ಎರಡು ಪಾಳೆಯವಾಗಿವೆ.

ಎರಡು ಒಂದು ಅಂತ ಕೈಯೆತ್ತಿಸಿ ಎಣಿಸಬೇಡಿ. ಹತ್ತು ಪುಸ್ತಕಗಳು 1861 ಅಂದರೂ ಹತ್ತೂ ಒಂದೇ ಹಳೆಯ ಪುಸ್ತಕ ನೋಡಿ ಬರೆದಿದ್ದರೆ ಅದು ಒಂದೇ ಆಕರ. ಪ್ರತಿ ಪುಸ್ತಕದ ಅಡಿಟಿಪ್ಪಣಿ, ಮುನ್ನುಡಿ, ಗ್ರಂಥಋಣ ತೆಗೆದು ಲೇಖಕರು ಆ ವರ್ಷವನ್ನು ಎಲ್ಲಿಂದ ತಂದರು ಅಂತ ನೋಡಿ. ಇತ್ತೀಚಿನ ಪುಸ್ತಕ, ಜಾಲತಾಣಗಳಾದರೆ ಅವರೇ ವಿಕಿಪೀಡಿಯದಿಂದ ಎತ್ತಿಕೊಂಡಿರುವ ಸಾಧ್ಯತೆಯೂ ಇದೆ. ಅದನ್ನೇ ನೀವು ವಿಕಿಪೀಡಿಯಕ್ಕೆ ಉಲ್ಲೇಖವಾಗಿ ಕೊಟ್ಟರೆ ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತಿದಂತೆ. ಪರೀಕ್ಷಿಸುವುದು ಸುಲಭ: ಲೇಖನದ ‘ಇತಿಹಾಸ’ ತೆರೆದು ಆ ಮಾತು ವಿಕಿಪೀಡಿಯಕ್ಕೆ ಯಾವ ದಿನ ಬಂತು ನೋಡಿ. ಪುಸ್ತಕದ ಪ್ರಕಟಣೆ ಅದಕ್ಕಿಂತ ಈಚಿನದಾದರೆ, ವಾಕ್ಯದ ಜಾಡೂ ಒಂದೇ ಥರ ಇದ್ದರೆ, ಆ ಪುಸ್ತಕವನ್ನು ಆ ಸಂಗತಿಗೆ ಬಳಸಬೇಡಿ.

ಸರ್ ಎಂ.ವಿ. ಅವರ ವಿಷಯದಲ್ಲಿ ಇನ್ನೊಂದು ಆಧಾರವೂ ಚಲಾವಣೆಯಲ್ಲಿದೆ. ಅವರು ಬದುಕಿದ್ದಾಗಲೇ, 1960ರ ಸೆಪ್ಟೆಂಬರ್ 15ರಂದು, ಭಾರತೀಯ ಅಂಚೆ ಇಲಾಖೆ ಜನ್ಮಶತಾಬ್ದಿಯ ಅಂಚೆಚೀಟಿ ತಂದಿತು. ಬದುಕಿರುವವರಿಗೆ ಚೀಟಿ ಬರುವುದು ಅಪರೂಪ. ಅವರಿಗಿಂತ ಮೊದಲು 1958ರಲ್ಲಿ ಧೋಂಡೋ ಕೇಶವ ಕರ್ವೆಯವರಿಗೆ ಬಂದಿತ್ತು. 1860 ಅನ್ನುವವರು ಮುಂದಿಡುವ ಆಧಾರಗಳಲ್ಲಿ ಇದೂ ಒಂದು.

ಹೊಸಚಿಗುರು

ಹಾಗಾದರೆ 1860 ಅಂತಲೇ ತೀರ್ಮಾನ ಆಯಿತಲ್ಲ ಸರ್? 1960ರಲ್ಲಿ ಶತಾಬ್ದಿ, ಅದರಲ್ಲಿ ನೂರು ಕಳೆದರೆ 1860. ಅಂಚೆಚೀಟಿಯನ್ನೇ ಉಲ್ಲೇಖವಾಗಿ ಕೊಡುತ್ತೇನೆ.

ಹಳೇಕಾಗದ

ಬೇಡ. ಆ ಕಳೆಯುವ ಲೆಕ್ಕ ನಿಮ್ಮದು, ಆಕರದ್ದಲ್ಲ. ನಮ್ಮಲ್ಲಿ ‘ನೂರಕ್ಕೆ ಬಿದ್ದರು’ ಅನ್ನುವುದೂ ‘ನೂರು ತುಂಬಿತು’ ಅನ್ನುವುದೂ ಬೇರೆ ಬೇರೆ. ಅರವತ್ತರದೂ ಹಾಗೆಯೇ: ಐವತ್ತೊಂಬತ್ತು ತುಂಬಿ ಅರವತ್ತಕ್ಕೆ ಬಿದ್ದಾಗ ಉಗ್ರರಥ ಶಾಂತಿ ಮಾಡಿಸುತ್ತಾರೆ, ಅರವತ್ತು ತುಂಬಿದ ಮೇಲೆ ಷಷ್ಟ್ಯಬ್ದಿ. ಸಮಾರಂಭದ ವರ್ಷದಿಂದ ಹುಟ್ಟಿದ ವರ್ಷ ಕಳೆದು ತೆಗೆದರೆ ಒಂದು ವರ್ಷ ಆಚೀಚೆ ಆಗುವುದು ಇಂಥ ಕಡೆಯೇ. 1861ರಲ್ಲಿ ಹುಟ್ಟಿದವರು 1960ರಲ್ಲಿ ನೂರಕ್ಕೆ ಬೀಳುತ್ತಾರೆ. ಹಾಗಾಗಿ ಚೀಟಿ 1860ರ ಕಡೆ ವಾಲುತ್ತದೆ, ಸಾಧಿಸುವುದಿಲ್ಲ. ಇಂಥ ತರ್ಕವನ್ನು ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆ ಅನ್ನುತ್ತಾರೆ. ಸಂಶೋಧನಾ ಲೇಖನದಲ್ಲಿ ಅದಕ್ಕೆ ಜಾಗ ಇದೆ, ವಿಶ್ವಕೋಶದಲ್ಲಿ ಇಲ್ಲ.

ಮಾಡಬೇಕಾದದ್ದು ಇಷ್ಟು. ಎರಡೂ ವರ್ಷ ಬರೆಯಿರಿ, ಎರಡಕ್ಕೂ ಪ್ರತ್ಯೇಕ ಉಲ್ಲೇಖ ಕೊಡಿ. ಮಾದರಿ: ‘ಸೆಪ್ಟೆಂಬರ್ 15, 1861ರಂದು[1] (ಕೆಲವು ಆಕರಗಳ ಪ್ರಕಾರ 1860ರಲ್ಲಿ[2]) ಜನಿಸಿದರು.’ ಯಾವುದು ಮುಂದೆ, ಯಾವುದು ಆವರಣದಲ್ಲಿ ಎಂಬುದನ್ನು ಆಕರಗಳ ತೂಕ ನೋಡಿ ಚರ್ಚೆಪುಟದಲ್ಲಿ ನಿರ್ಧರಿಸಿ, ಕಾರಣ ಅಲ್ಲೇ ಬರೆದಿಡಿ. ಇಲ್ಲವಾದರೆ ಆರು ತಿಂಗಳಿಗೊಮ್ಮೆ ಯಾರೋ ಬಂದು ಅದಲುಬದಲು ಮಾಡುತ್ತಾರೆ.

ವಾಕ್ಯ ಸರಿಮಾಡಿದರೆ ಮುಗಿಯಲಿಲ್ಲ. ಬಲಗಡೆಯ ಮಾಹಿತಿಪೆಟ್ಟಿಗೆ ನೋಡಿ. ಅದರಲ್ಲಿ ವಯಸ್ಸನ್ನು ತಾನೇ ಲೆಕ್ಕ ಹಾಕುವ ಟೆಂಪ್ಲೇಟು (ಖಾನೆ ತುಂಬಿ ಬಳಸುವ ಸಿದ್ಧ ಅಚ್ಚು) ಬಳಸಿದ್ದರೆ ಅದು ಒಂದು ವರ್ಷವನ್ನು ಸದ್ದಿಲ್ಲದೆ ಆರಿಸಿಬಿಡುತ್ತದೆ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. 1861 ಅಂದರೆ ವಯಸ್ಸು 100, 1860 ಅಂದರೆ 101, ನಡೆಯುವ ವರ್ಷ ಸೇರಿಸಿ ಎಣಿಸುವವರಿಗೆ 102. ಈ ಮೂರೂ ಅಂಕಿ ಜಾಲದಲ್ಲಿ ಓಡಾಡುತ್ತಿರುವುದು ಹೀಗೆ. ಆ ಟೆಂಪ್ಲೇಟು ತೆಗೆದು ಕೈಯಿಂದ ‘1860 ಅಥವಾ 1861’ ಎಂದು ಬರೆಯಿರಿ. ಲೇಖನದ ಬುಡದಲ್ಲಿ ‘1861ರಲ್ಲಿ ಜನಿಸಿದವರು’ ಎಂಬ ವರ್ಗವಿದ್ದರೆ ಅದೂ ಒಂದು ಹೇಳಿಕೆಯೇ. ವಿಕಿಪೀಡಿಯದ ಜೊತೆಗಿನ ಮಾಹಿತಿಕೋಶವಾದ ವಿಕಿಡೇಟಾದಲ್ಲಿ ಜನ್ಮದಿನಾಂಕಕ್ಕೆ ಎರಡು ಮೌಲ್ಯ ಸೇರಿಸಿ ಎರಡಕ್ಕೂ ಆಕರ ಕೊಡಲು ಅವಕಾಶವಿದೆ, ಅಲ್ಲೂ ಒಂದನ್ನು ಅಳಿಸಬೇಡಿ.

ತುಂಗೆಯತಡಿ

ಹಳೇಕಾಗದ ಅವರ ಮಾತಿಗೆ ಸಂವತ್ಸರದ್ದೊಂದು ಸೇರಿಸುತ್ತೇನೆ. ಹಳೆಯ ಪುಸ್ತಕಗಳಲ್ಲಿ ಜನ್ಮದಿನ ‘ರೌದ್ರಿ ಸಂವತ್ಸರದ ಭಾದ್ರಪದ’ ಅನ್ನುವ ಥರ ಇರುತ್ತದೆ. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಎಂಬ ಲೆಕ್ಕ ಯುಗಾದಿಯಿಂದ ಡಿಸೆಂಬರ್ ಕೊನೆವರೆಗೆ ಮಾತ್ರ ಸರಿ. ಜನವರಿಯಿಂದ ಮುಂದಿನ ಯುಗಾದಿವರೆಗೆ 79 ಕೂಡಿಸಬೇಕು. ಅಂದರೆ ಪುಷ್ಯ, ಮಾಘ, ಫಾಲ್ಗುಣ ಎಂದಿದ್ದರೆ ಜಾಗ್ರತೆ. ಮಾಸವೇ ಇಲ್ಲದೆ ಬರೀ ಶಕವರ್ಷ ಇದ್ದರೆ ‘1860–61’ ಎಂದು ಜೋಡಿವರ್ಷ ಬರೆಯಿರಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕವರ್ಷ ಕೊಡದೆ ಸಂವತ್ಸರದ ಹೆಸರು ಮಾತ್ರ ಇದ್ದರೆ ಅದರಿಂದ ಇಸವಿ ತೆಗೆಯಲು ಹೋಗಬೇಡಿ.

ಹುಟ್ಟಿದ ಸ್ಥಳದ್ದೂ ಇಂಥದೇ ಫಜೀತಿ. ‘ಅವರ ಊರು’ ಮತ್ತು ‘ಅವರು ಹುಟ್ಟಿದ ಊರು’ ನಮ್ಮ ಕಡೆ ಬಹಳ ಸಲ ಒಂದೇ ಅಲ್ಲ, ಯಾಕೆಂದರೆ ಹೆರಿಗೆ ತಾಯಿಯ ತವರಿನಲ್ಲಿ ಆಗುತ್ತದೆ. ಕುವೆಂಪು ಎಂದ ತಕ್ಷಣ ಎಲ್ಲರೂ ಕುಪ್ಪಳಿ ಅನ್ನುತ್ತಾರೆ. ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕಿನದು, ಅವರ ತಂದೆಯ ಮನೆ. ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಜಿಲ್ಲೆಯೇ ಬೇರೆ: ಒಂದು ಶಿವಮೊಗ್ಗ, ಇನ್ನೊಂದು ಚಿಕ್ಕಮಗಳೂರು. ಪತ್ರಿಕೆಯ ಲೇಖನದಲ್ಲಿ ‘ಕುಪ್ಪಳಿಯ ಕುವೆಂಪು’ ಎಂದಿದ್ದರೆ ಅದನ್ನು ಜನ್ಮಸ್ಥಳಕ್ಕೆ ಉಲ್ಲೇಖವಾಗಿ ಕೊಡುವಂತಿಲ್ಲ. ‘ಹುಟ್ಟಿದ್ದು’ ಎಂಬ ಕ್ರಿಯಾಪದ ಆಕರದಲ್ಲಿ ಇರಬೇಕು.

ನಿಮ್ಮ ಲೇಖನದಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ’ ಅಂತಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೇ 2007ರಲ್ಲಿ. ನಿಮ್ಮ ಹಳೆಯ ಪುಸ್ತಕದಲ್ಲಿ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ‘ಆಗಿನ ಕೋಲಾರ ಜಿಲ್ಲೆಯ (ಈಗ ಚಿಕ್ಕಬಳ್ಳಾಪುರ ಜಿಲ್ಲೆ) ಮುದ್ದೇನಹಳ್ಳಿ’ ಎಂದು ಬರೆದರೆ ಪುಸ್ತಕ ತೆರೆದವರಿಗೆ ಗೊಂದಲವಿಲ್ಲ.

ಬೆರಳಚ್ಚು

ತಾಂತ್ರಿಕ ಭಾಗ ನನಗೆ ಬಿಡಿ. ದೃಶ್ಯ ಸಂಪಾದಕದಲ್ಲಿ (ಪುಟ ಕಾಣುವಂತೆಯೇ ಇಟ್ಟುಕೊಂಡು ತಿದ್ದುವ ವಿಧಾನ) ಕರ್ಸರನ್ನು ಪೂರ್ಣವಿರಾಮದ ನಂತರ, ಜಾಗ ಬಿಡದೆ ಇಟ್ಟು ಕಂಟ್ರೋಲ್, ಶಿಫ್ಟ್, ಕೆ ಒಟ್ಟಿಗೆ ಒತ್ತಿ. ಉಲ್ಲೇಖದ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಮೂರು ವಿಭಾಗ: ಸ್ವಯಂಚಾಲಿತ, ಕೈಯಿಂದ ತುಂಬುವುದು, ಮರುಬಳಕೆ. ಕೊಂಡಿಯನ್ನೋ ಐಎಸ್‌ಬಿಎನ್ ಅನ್ನೋ ಮೊದಲನೆಯದರಲ್ಲಿ ಅಂಟಿಸಿದರೆ ವಿವರ ತಾನೇ ತುಂಬಿಕೊಳ್ಳುತ್ತದೆ. ಕನ್ನಡ ಪುಸ್ತಕಗಳಿಗೆ ಇದನ್ನು ನೆಚ್ಚಬೇಡಿ. ಎಷ್ಟೋ ಸಲ ಸಿಗುವುದೇ ಇಲ್ಲ, ಸಿಕ್ಕರೂ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ವಿಚಿತ್ರವಾಗಿ ಬರುತ್ತದೆ. ‘ಪುಸ್ತಕ’ ನಮೂನೆ ತೆರೆದು ಕೈಯಿಂದ ತುಂಬಿ.

ತುಂಬುವಾಗ ಎಡವುವ ಜಾಗಗಳು ಇವು.

ಲೇಖಕರ ಹೆಸರು. ನಮೂನೆಯಲ್ಲಿ ಹೆಸರು, ಕುಲನಾಮ ಎಂದು ಎರಡು ಖಾನೆ ಇರುತ್ತದೆ. ನಮ್ಮ ಹೆಸರುಗಳು ಆ ಅಚ್ಚಿಗೆ ಕೂರುವುದಿಲ್ಲ. ‘ಎಂ. ವಿಶ್ವೇಶ್ವರಯ್ಯ’ದ ಎಂ ಎಂದರೆ ಮೋಕ್ಷಗುಂಡಂ, ಪೂರ್ವಿಕರ ಊರು. ಅವರ ಸ್ವಂತ ಹೆಸರೇ ಕೊನೆಯಲ್ಲಿದೆ. ಸ್ವಯಂಚಾಲಿತ ಉಪಕರಣ ಕೊನೆಯ ಪದವನ್ನು ಕುಲನಾಮ ಅಂದುಕೊಳ್ಳುತ್ತದೆ. ‘ಲೇಖಕ’ ಎಂಬ ಒಂದೇ ಖಾನೆಯಲ್ಲಿ ಶೀರ್ಷಿಕೆ ಪುಟದಲ್ಲಿ ಇರುವಂತೆ ಪೂರ್ತಿ ಹೆಸರು ಹಾಕಿ, ಇನ್ನೆರಡನ್ನು ಖಾಲಿ ಬಿಡಿ.

ದಿನಾಂಕ. ದಿನ-ತಿಂಗಳು-ವರ್ಷ ಎಂದು ಬರೀ ಅಂಕಿಗಳಲ್ಲಿ ಹಾಕಿದರೆ ಕೆಂಪಕ್ಷರದ ದೋಷ ಬರುತ್ತದೆ. ವರ್ಷ-ತಿಂಗಳು-ದಿನ, ಅಂದರೆ 2024-09-15 ಎಂಬ ಕ್ರಮ ಯಾವತ್ತೂ ಕೈಕೊಡುವುದಿಲ್ಲ.

ಶೀರ್ಷಿಕೆಯೊಳಗಿನ ಲಂಬ ಗೆರೆ. ಪತ್ರಿಕೆಗಳ ಜಾಲತಾಣದಿಂದ ಶೀರ್ಷಿಕೆ ನಕಲು ಮಾಡಿದಾಗ ಸುದ್ದಿ, ಆಮೇಲೆ |, ಆಮೇಲೆ ಪತ್ರಿಕೆಯ ಹೆಸರು ಎಂದು ಬರುತ್ತದೆ. ಟೆಂಪ್ಲೇಟಿಗೆ | ಅಂದರೆ ‘ಮುಂದಿನ ಖಾನೆ ಶುರು’ ಎಂದರ್ಥ. ಶೀರ್ಷಿಕೆ ಅರ್ಧಕ್ಕೆ ತುಂಡಾಗುತ್ತದೆ. ಗೆರೆ ಮತ್ತು ಪತ್ರಿಕೆಯ ಹೆಸರನ್ನು ಅಲ್ಲಿಂದ ಅಳಿಸಿ, ಪತ್ರಿಕೆಯ ಹೆಸರನ್ನು ಅದರ ಖಾನೆಗೆ ಹಾಕಿ.

‘ನೋಡಿದ ದಿನಾಂಕ’ ಕೊಂಡಿ ಇದ್ದಾಗ ಮಾತ್ರ. ಅಚ್ಚಿನ ಪುಸ್ತಕಕ್ಕೆ ಅದನ್ನು ತುಂಬಿದರೆ ದೋಷ ತೋರಿಸುತ್ತದೆ.

ಈಗ ನಿಮ್ಮ ಪ್ರಯೋಗಪುಟಕ್ಕೇ ಬರುವ ಅಪಾಯ. ದೃಶ್ಯ ಸಂಪಾದಕ ಮರುಬಳಕೆಯ ಉಲ್ಲೇಖಗಳಿಗೆ :0, :1, :2 ಎಂದು ತಾನೇ ಹೆಸರಿಡುತ್ತದೆ. ಈಗಾಗಲೇ ಇರುವ ಲೇಖನದಲ್ಲೂ ಯಾರದೋ :0 ಇರುತ್ತದೆ. ನಿಮ್ಮ ಏಳು ಪ್ಯಾರಾ ಎತ್ತಿ ಅಲ್ಲಿ ಅಂಟಿಸಿದರೆ ಒಂದೇ ಹೆಸರಿನ ಎರಡು ಉಲ್ಲೇಖಗಳು ಡಿಕ್ಕಿ ಹೊಡೆಯುತ್ತವೆ. ಕೆಂಪು ದೋಷ ಬಂದರೆ ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ನಿಮ್ಮ ಉಲ್ಲೇಖದ ಪೂರ್ಣರೂಪ ಪ್ರಯೋಗಪುಟದಲ್ಲೇ ಉಳಿದು ಬರೀ ಹೆಸರು ಮಾತ್ರ ಬಂದಿದ್ದರೆ, ನಿಮ್ಮ ವಾಕ್ಯ ದೋಷವೇ ಇಲ್ಲದೆ ಇನ್ನೊಬ್ಬರ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಅಂಟಿಸುವ ಮೊದಲು ‘ಮೂಲ’ (ಪುಟದ ಹಿಂದಿನ ಸಂಕೇತಪಠ್ಯ) ತೆರೆದು ಹೆಸರುಗಳನ್ನು ‘ಆತ್ಮಕಥನ1951’ ಎಂಬಂತೆ ಬದಲಿಸಿ, ಉದ್ಧರಣ ಚಿಹ್ನೆಯೊಳಗೆ ಇಡಿ. ಮರುಬಳಕೆಯ ಟ್ಯಾಗಿನ ಕೊನೆಗೆ / ಮರೆತರೆ ಅಲ್ಲಿಂದ ಮುಂದಿನ ಟ್ಯಾಗು ಮುಚ್ಚುವವರೆಗಿನ ಪಠ್ಯವೆಲ್ಲ ಪುಟದಿಂದ ಮಾಯ. ಗಾಬರಿ ಬೇಡ, ಅಳಿಸಿಹೋಗಿರುವುದಿಲ್ಲ. / ಸೇರಿಸಿದರೆ ವಾಪಸ್ ಬರುತ್ತದೆ.

ಪುಟಸಂಖ್ಯೆ

ಐಎಸ್‌ಬಿಎನ್ ಪ್ರಶ್ನೆ ಉಳಿದಿದೆ. ಆ ಪದ್ಧತಿ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಅದಕ್ಕೆ ಹಿಂದಿನ ಪುಸ್ತಕದಲ್ಲಿ ಇಲ್ಲದಿರುವುದೇ ಸರಿ, ಖಾನೆ ಖಾಲಿ ಬಿಡಿ. ಜಾಲದಲ್ಲಿ ಹುಡುಕಿ ಮರುಮುದ್ರಣದ ಐಎಸ್‌ಬಿಎನ್ ತಂದು ಹಳೆಯ ವರ್ಷದ ಪಕ್ಕ ಕೂರಿಸುವುದು ದೊಡ್ಡ ತಪ್ಪು. ಆ ಸಂಖ್ಯೆ ಹಿಡಿದು ಪುಸ್ತಕ ತರಿಸಿದವರಿಗೆ ನೀವು ಕೊಟ್ಟ ಪುಟದಲ್ಲಿ ಬೇರೇನೋ ಇರುತ್ತದೆ.

ಶೀರ್ಷಿಕೆ ಪುಟದ ಹಿಂಬದಿ ನೋಡಿ. ಕನ್ನಡ ಪುಸ್ತಕದಲ್ಲಿ ಮೊದಲ ಮುದ್ರಣ, ಈ ಮುದ್ರಣ, ಪ್ರತಿಗಳು, ಪುಟಗಳು, ಬೆಲೆ, ಪ್ರಕಾಶಕರು, ಮುದ್ರಕರು ಎಲ್ಲ ಅಲ್ಲೇ ಇರುತ್ತದೆ. ಪ್ರಕಾಶಕರ ಜಾಗಕ್ಕೆ ಮುದ್ರಕರ ಹೆಸರು ಹಾಕಬೇಡಿ. ನಿಮ್ಮ ಕೈಲಿರುವ ಮುದ್ರಣದ ವರ್ಷ ‘ವರ್ಷ’ದ ಖಾನೆಗೆ, ಮೊದಲ ಮುದ್ರಣದ್ದು ‘ಮೂಲ ವರ್ಷ’ಕ್ಕೆ. ‘ಮೂರನೇ ಮುದ್ರಣ’ ಬೇರೆ, ‘ಪರಿಷ್ಕೃತ ಆವೃತ್ತಿ’ ಬೇರೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಪಠ್ಯ ಅದೇ ಇರುತ್ತದೆ, ಎರಡನೆಯದರಲ್ಲಿ ಬದಲಾಗಿರುತ್ತದೆ.

ಸ್ಕ್ಯಾನ್ ಪ್ರತಿ ನೋಡುತ್ತಿದ್ದರೆ ಇನ್ನೂ ಎರಡು ಮಾತು. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳ ವಿವರ ಎಷ್ಟೋ ಕಡೆ ತಪ್ಪಿದೆ: ಶೀರ್ಷಿಕೆ, ಲೇಖಕ, ವರ್ಷ ಯಾವುದನ್ನೂ ಆ ಪಟ್ಟಿಯಿಂದ ಎತ್ತಬೇಡಿ, ಸ್ಕ್ಯಾನ್ ಆದ ಶೀರ್ಷಿಕೆ ಪುಟದಿಂದಲೇ ಬರೆದುಕೊಳ್ಳಿ. ಕೊಂಡಿಯಲ್ಲಿ ಕಾಣುವ ಸಂಖ್ಯೆ ಹಾಳೆಯ ಕ್ರಮಸಂಖ್ಯೆ ಆಗಿರಬಹುದು. ರಕ್ಷಾಪುಟ, ಮುನ್ನುಡಿ ಎಲ್ಲ ಸೇರಿ ಅದು ಹತ್ತು ಹದಿನೈದು ಮುಂದಿರುತ್ತದೆ. ಕೊಡಬೇಕಾದ್ದು ಪುಟದ ಮೇಲೆ ಅಚ್ಚಾಗಿರುವ ಸಂಖ್ಯೆ.

ಅಡಿಟಿಪ್ಪಣಿ

ನಿಮ್ಮ ಮೂರರಲ್ಲಿ ಒಂದು 1951ರಲ್ಲಿ ಬಂದ ಅವರದೇ ಆತ್ಮಕಥನ. ವಿಕಿಪೀಡಿಯ ಸ್ವತಂತ್ರ ಆಕರ ಕೇಳುತ್ತದೆ. ಆ ವ್ಯಕ್ತಿಯೇ ಬರೆದುಕೊಂಡದ್ದನ್ನು ಉಲ್ಲೇಖವಾಗಿ ಒಪ್ಪುವುದಿಲ್ಲ, ತೆಗೆದುಬಿಡಿ.

ಹಳೇಕಾಗದ

ಅಡಿಟಿಪ್ಪಣಿಯವರೇ, ಅಷ್ಟು ಖಡಾಖಂಡಿತ ಇಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಲೇಖನ ಇರಬೇಕೋ ಬೇಡವೋ ಎಂಬ ಪ್ರಶ್ನೆಗೆ ಸ್ವತಂತ್ರ ಆಕರಗಳೇ ಬೇಕು, ಒಪ್ಪುತ್ತೇನೆ. ಲೇಖನದ ಬಹುಪಾಲೂ ಅಂಥ ಆಕರದ ಮೇಲೆ ನಿಲ್ಲಬೇಕು. ಆದರೆ ಯಾವ ವರ್ಷ ಯಾವ ಕಾಲೇಜಿನಲ್ಲಿ ಓದಿದರು, ಯಾವಾಗ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು, ಒಂದು ವಿಷಯದಲ್ಲಿ ಅವರ ನಿಲುವೇನು ಎಂಬಂಥ ವಿವಾದವಿಲ್ಲದ ಸಂಗತಿಗೆ ಆತ್ಮಕಥನ ಒಳ್ಳೆಯ ಆಕರ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಅಳವಡಿಸಿದ್ದಕ್ಕೆ ಅದನ್ನು ಕೊಡಬಹುದು. ಆ ಗೇಟು ‘ಜಗತ್ತಿನಲ್ಲೇ ಮೊದಲು’ ಎಂಬುದಕ್ಕೆ ಕೊಡಬಾರದು. ಅದಕ್ಕೆ ನೀರಾವರಿ ಎಂಜಿನಿಯರಿಂಗ್ ಇತಿಹಾಸ ಬರೆದ ಬೇರೆಯವರ ಮಾತು ಬೇಕು. ನಿಲುವಿನ ವಿಷಯವಾದರೆ ‘ತಮ್ಮ ಆತ್ಮಕಥನದಲ್ಲಿ ಹೀಗೆ ಬರೆದಿದ್ದಾರೆ’ ಎಂದು ವಾಕ್ಯದೊಳಗೇ ಹೇಳಿಬಿಡಿ.

ಅಭಿನಂದನ ಗ್ರಂಥ, ಸಂಸ್ಮರಣ ಸಂಚಿಕೆಗಳಿಗೂ ಇದೇ ಅಳತೆ. ತಾರೀಖು, ಕೃತಿಗಳ ಪಟ್ಟಿ, ವಂಶದ ವಿವರ ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಆದರೆ ಬರೆದವರೆಲ್ಲ ಅಭಿಮಾನಿಗಳು, ಶಿಷ್ಯರು. ‘ಅಪ್ರತಿಮ’, ‘ಯುಗಪುರುಷ’ ಎಂಬ ಮಾತು ಅಲ್ಲಿಂದ ಲೇಖನಕ್ಕೆ ನುಸುಳಬಾರದು.

ಅಡಿಟಿಪ್ಪಣಿ

ಸರಿ ಸರ್, ‘ತೆಗೆದುಬಿಡಿ’ ಅಂದದ್ದನ್ನು ಹಿಂತೆಗೆದುಕೊಂಡೆ. ಹಾಗಾದರೆ ಆರನೇ ಪ್ಯಾರಾದ ರೈಲಿನ ಕಥೆ? ಹಳಿಯ ಸದ್ದು ಬದಲಾದದ್ದನ್ನು ಕೇಳಿ ಸರಪಣಿ ಎಳೆದರು, ಹೋಗಿ ನೋಡಿದರೆ ಮುಂದೆ ಹಳಿ ಬಿರುಕು ಬಿಟ್ಟಿತ್ತು ಅಂತ ಇದೆಯಲ್ಲ, ಅದಕ್ಕೆ ಒಂದು ಬ್ಲಾಗಿನ ಕೊಂಡಿ ಕೊಟ್ಟಿದ್ದಾರೆ.

ಹಳೇಕಾಗದ

ಆ ಕಥೆ, ಬೀದಿದೀಪದ ಕೆಳಗೆ ಓದಿದ ಕಥೆ, ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತದ್ದು ಹಚ್ಚಿದ ಕಥೆ: ಮೂರೂ ವಾಟ್ಸ್ಆ್ಯಪ್‌ನಲ್ಲಿ, ಶಾಲಾ ಭಾಷಣಗಳಲ್ಲಿ ಸುತ್ತುತ್ತಲೇ ಇವೆ. ಬೇರೆ ಮಹನೀಯರ ಹೆಸರಿಗೂ ಇವೇ ಕಥೆಗಳು ಅಂಟಿಕೊಳ್ಳುವುದನ್ನು ಗಮನಿಸಿ. ಪರೀಕ್ಷೆ ಇದು: ಕಥೆಯಲ್ಲಿ ವರ್ಷ, ಸ್ಥಳ, ನೋಡಿದವರು ಯಾರಾದರೂ ಇದ್ದಾರಾ? ಹೆಸರಾಂತ ಜೀವನಚರಿತ್ರೆಕಾರರು ಅದನ್ನು ಎಲ್ಲಿಂದ ಬಂತೆಂದು ಹೇಳಿ ಬರೆದಿದ್ದಾರಾ? ಇಲ್ಲವಾದರೆ ಬಿಡಿ. ‘ಎಂದು ಹೇಳಲಾಗುತ್ತದೆ’ ಎಂದು ಬಾಲ ಸೇರಿಸಿದರೆ ಆಧಾರ ಬಂದಂತಾಗುವುದಿಲ್ಲ. ಯಾರು ಹೇಳುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅವರ ನಿಜವಾದ ಕೆಲಸವೇ ಬೇಕಾದಷ್ಟಿದೆ, ಆಧಾರವಿಲ್ಲದ ಕಥೆಯ ಪಕ್ಕ ಅದನ್ನು ನಿಲ್ಲಿಸಿದರೆ ಓದುವವರು ಅದನ್ನೂ ಅನುಮಾನಿಸುತ್ತಾರೆ.

ತುಂಗೆಯತಡಿ

ಪತ್ರಿಕೆಗಳ ಬಗ್ಗೆ ಯಾರೂ ಹೇಳಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಕತ್ತರಿಸಿದ ತುಣುಕು ಉಲ್ಲೇಖವಾಗಲಾರದು. ಪತ್ರಿಕೆ, ದಿನಾಂಕ, ಆವೃತ್ತಿಯ ಊರು, ಪುಟ, ಶೀರ್ಷಿಕೆ ಇಷ್ಟೂ ಬೇಕು. ಆವೃತ್ತಿ ಯಾಕೆಂದರೆ ಒಂದೇ ದಿನದ ಬೆಂಗಳೂರು ಆವೃತ್ತಿಯ ನಾಲ್ಕನೇ ಪುಟ ಹುಬ್ಬಳ್ಳಿ ಆವೃತ್ತಿಯಲ್ಲಿ ಬೇರೆಯೇ ಇರಬಹುದು. ಇಷ್ಟು ಕೊಟ್ಟರೆ ಕೊಂಡಿ ಇಲ್ಲದಿದ್ದರೂ ಉಲ್ಲೇಖ ಪೂರ್ಣ. ಗ್ರಂಥಾಲಯಕ್ಕೆ ಹೋಗಿ ನೋಡಬಹುದಾದದ್ದು ಆಧಾರವೇ.

ಜಾಲತಾಣದ ಕೊಂಡಿಯಾದರೆ ಅದೇ ದಿನ ವೇಬ್ಯಾಕ್ ಮಷೀನ್‌ನಲ್ಲಿ (ಜಾಲಪುಟಗಳ ಪ್ರತಿ ಕಾಪಿಡುವ ತಾಣ) ಉಳಿಸಿ. ಕನ್ನಡ ಪತ್ರಿಕೆಗಳ ತಾಣ ಹೊಸ ವಿನ್ಯಾಸಕ್ಕೆ ಬದಲಾದಾಗಲೆಲ್ಲ ಹಳೆಯ ಕೊಂಡಿಗಳು ಸಾಯುತ್ತವೆ. ಉಳಿಸಿದ ಕೊಂಡಿಯ ನಡುವೆ 14 ಅಂಕಿ ಇರುತ್ತದೆ: ಮೊದಲ ನಾಲ್ಕು ವರ್ಷ, ಆಮೇಲೆ ಎರಡೆರಡರಂತೆ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ‘ಆರ್ಕೈವ್ ದಿನಾಂಕ’ದ ಖಾನೆಗೆ ಅದರ ಮೊದಲ ಎಂಟು ಅಂಕಿಯನ್ನೇ ವರ್ಷ-ತಿಂಗಳು-ದಿನ ಮಾಡಿ ಹಾಕಿ. ಮೂಲ ಕೊಂಡಿಯನ್ನು ಅಳಿಸಬೇಡಿ, ಆರ್ಕೈವ್ ಕೊಂಡಿ ಅದರ ಜೊತೆಗಿರಬೇಕು.

ಬೆರಳಚ್ಚು

ತುಂಗೆಯತಡಿಯವರು ಹೇಳಿದ್ದಕ್ಕೆ ಒಂದು ಸಾಲು. ಹಳೆಯ ತಾಣಗಳು, ಸರ್ಕಾರಿ ಪಿಡಿಎಫ್‌ಗಳು ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಇದ್ದರೆ ನಕಲು ಮಾಡಿದ ಶೀರ್ಷಿಕೆ ಅರ್ಥವಿಲ್ಲದ ಅಕ್ಷರಗಳಾಗಿ ಅಂಟುತ್ತದೆ. ಪರಿವರ್ತಕದಲ್ಲಿ ಹಾಕಿ ತಿರುಗಿಸಿ, ಆಮೇಲೂ ಒತ್ತಕ್ಷರ, ಅರ್ಕಾವತ್ತು ಒಂದೊಂದಾಗಿ ನೋಡಿ. ಚಿಕ್ಕ ಶೀರ್ಷಿಕೆಯಾದರೆ ಕೈಯಿಂದ ಟೈಪ್ ಮಾಡುವುದೇ ಲೇಸು.

ಹೊಸಚಿಗುರು

ಇಂಗ್ಲಿಷ್ ವಿಕಿಪೀಡಿಯದ ಲೇಖನದಲ್ಲಿ ಉಲ್ಲೇಖಗಳು ಚೆನ್ನಾಗಿವೆ. ಅವನ್ನೇ ಅನುವಾದದ ಜೊತೆ ತಂದರೆ ಆಗುತ್ತಾ? ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಿಂದ ಒಂದು ಪ್ಯಾರಾ ಹಾಗೇ ತೆಗೆದುಕೊಳ್ಳಬಹುದಾ?

ಪುಟಸಂಖ್ಯೆ

ನೀವು ತೆರೆದು ಓದದ ಪುಸ್ತಕವನ್ನು ಓದಿದಂತೆ ಉಲ್ಲೇಖಿಸಬಾರದು. ಇಂಗ್ಲಿಷ್ ಲೇಖನ ‘ಪುಟ 47’ ಅಂದರೆ ಆ ಪುಟ ನೋಡಿ, ಇದ್ದರೆ ತನ್ನಿ. ಒಂದು ಪುಸ್ತಕದಲ್ಲಿ ಇನ್ನೊಂದರ ಮಾತು ಉದ್ಧರಿಸಿದ್ದು ಮಾತ್ರ ನಿಮಗೆ ಸಿಕ್ಕಿದ್ದರೆ ‘ಇಂಥವರ ಮಾತು, ಇಂಥ ಪುಸ್ತಕದಲ್ಲಿ ಉದ್ಧೃತ’ ಎಂದು ಕೈಲಿರುವ ಪುಸ್ತಕದ ಪುಟ ಕೊಡಿ. ಅನುವಾದ ಉಪಕರಣದಲ್ಲಿ ತರುವಾಗ ಬರೀ ಹೆಸರು ಬಂದು ಪೂರ್ಣ ಉಲ್ಲೇಖ ಹಿಂದೆಯೇ ಉಳಿಯುವುದೂ ಉಂಟು. ಕೆಳಗಿನ ‘ಉಲ್ಲೇಖಗಳು’ ವಿಭಾಗದಲ್ಲಿ ಕೆಂಪಕ್ಷರ ಕಂಡರೆ ಬೆರಳಚ್ಚು ಹೇಳಿದ ಹೆಸರಿನ ಸಮಸ್ಯೆ ಅದೇ.

ಕನ್ನಡ ವಿಶ್ವಕೋಶದ ಸಂಪುಟಗಳು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾಗಿವೆ. ಪಠ್ಯ ಬಳಸಬಹುದು, ಆದರೆ ಎಲ್ಲಿಂದ ತಂದದ್ದೆಂಬ ಕೃತಜ್ಞತೆಯ ಸಾಲು ಲೇಖನದಲ್ಲಿ ಇರಲೇಬೇಕು. ಅದು ಪರವಾನಗಿಯ ಷರತ್ತು, ಉಲ್ಲೇಖದ ಬದಲಿ ಅಲ್ಲ. ಸಂಪುಟ, ಪುಟ ಸಹಿತ ಉಲ್ಲೇಖ ಬೇರೆಯೇ ಕೊಡಿ. ಬೇರೆ ಪುಸ್ತಕಗಳಿಂದ ಪ್ಯಾರಾ ಎತ್ತುವಂತಿಲ್ಲ, ಉಲ್ಲೇಖ ಕೊಟ್ಟರೂ ಹಕ್ಕುಸ್ವಾಮ್ಯದ ಉಲ್ಲಂಘನೆ ಅಳಿಯುವುದಿಲ್ಲ.

ಅಡಿಟಿಪ್ಪಣಿ

ಮುಂದೆ ಬದುಕಿರುವವರ ಬಗ್ಗೆ ಬರೆಯುವುದಾದರೆ ನಿಯಮ ಇನ್ನೂ ಬಿಗಿ. ಆಧಾರವಿಲ್ಲದ ಆರೋಪ ಕಂಡರೆ ಫಲಕ ಅಂಟಿಸಿ ಕಾಯುವಂತಿಲ್ಲ, ಆ ಕ್ಷಣವೇ ತೆಗೆಯಬೇಕು. ಮನೆ ವಿಳಾಸ, ದೂರವಾಣಿ ಯಾವತ್ತೂ ಬೇಡ. ಜಾತಿ, ಮಕ್ಕಳ ಹೆಸರು ಇತ್ಯಾದಿ ಒಳ್ಳೆಯ ಆಕರಗಳಲ್ಲಿ ಇದ್ದು, ಆ ವ್ಯಕ್ತಿಯ ಸಾರ್ವಜನಿಕ ಬದುಕಿಗೆ ಸಂಬಂಧಿಸಿದ್ದರೆ ಮಾತ್ರ.

ಹೊಸಚಿಗುರು

ಎಲ್ಲರಿಗೂ ಧನ್ಯವಾದ. ಮೊದಲ ಪ್ಯಾರಾ ತಿದ್ದಿದೆ, ನೋಡಿ: ‘ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರು ಸೆಪ್ಟೆಂಬರ್ 15, 1861ರಂದು[1] (ಕೆಲವು ಆಕರಗಳ ಪ್ರಕಾರ 1860ರಲ್ಲಿ[2]) ಆಗಿನ ಕೋಲಾರ ಜಿಲ್ಲೆಯ (ಈಗ ಚಿಕ್ಕಬಳ್ಳಾಪುರ ಜಿಲ್ಲೆ) ಮುದ್ದೇನಹಳ್ಳಿಯಲ್ಲಿ ಜನಿಸಿದರು.[1] 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು.[3] 1955ರಲ್ಲಿ ಅವರಿಗೆ ಭಾರತರತ್ನ ಸಂದಿತು.[3]’ ಮೂರನೆಯದು ಆತ್ಮಕಥನ. ರೈಲಿನ ಕಥೆ ತೆಗೆದೆ.

ಪುಟಸಂಖ್ಯೆ

ಚೆನ್ನಾಗಿದೆ. ಒಂದೇ ತೊಡಕು: ಆತ್ಮಕಥನ 1951ರದು, ಭಾರತರತ್ನ 1955ರದು. ಆ ಪುಸ್ತಕದಲ್ಲಿ ಅದು ಇರಲು ಸಾಧ್ಯವಿಲ್ಲ. ಕೊನೆಯ [3] ತೆಗೆದು ಪ್ರಶಸ್ತಿಗೆ ಬೇರೆ ಆಕರ ಹಾಕಿ, ಆಮೇಲೆ ಎರಡನೇ ಪ್ಯಾರಾ ಇಲ್ಲಿ ಹಾಕಿ.